ಕ್ಯಾರಿಯರ್ ಮೇಲಿನ ಮುಡಿಪು

ಬೆಳಗಿನ ಜಾವ ಚಾಮರಾಜನಗರದಲ್ಲಿ ಸೈಕಲ್ಲಿನವರೆಲ್ಲ ಸೇರುವ ಜಾಗಕ್ಕೆ ಹೋಗಿ ನಿಂತರೆ ಎಲ್ಲರ ಕಣ್ಣೂ ಮೊದಲು ಬೀಳುತ್ತಿದ್ದದ್ದು ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ. ಮಿಕ್ಕವರದೆಲ್ಲ ಹೆಬ್ಬೆರಳು ದಪ್ಪದ ಟೈರಿನ, ಒಂದೇ ಕೈಲಿ ಎತ್ತಿ ಹೆಗಲಿಗೆ ಹಾಕಿಕೊಳ್ಳಬಹುದಾದ ರೋಡ್ ಬೈಕುಗಳು. ನನ್ನದು ಮೌಂಟನ್ ಬೈಕು. ಹಲ್ಲುಹಲ್ಲಿನ ದಪ್ಪ ಟೈರು, ಮುಂದೆ ಕುಪ್ಪಳಿಸುವ ಶಾಕ್ ಅಬ್ಸಾರ್ಬರು, ಮಡ್‌ಗಾರ್ಡು, ಸ್ಟ್ಯಾಂಡು, ಬೆಲ್ಲು, ಇಷ್ಟು ಸಾಲದು ಅಂತ ಹಿಂದೊಂದು ಕಬ್ಬಿಣದ ಕ್ಯಾರಿಯರು. ಅದನ್ನು ಹಾಕಿಸಿದವಳು ನನ್ನ ಹೆಂಡತಿ. ಸೈಕಲ್ ಅಂದಮೇಲೆ ಒಂದು ಹೊರೆ ಮೇವಾದರೂ ತರುವಂತಿರಬೇಕು, ಇಲ್ಲದಿದ್ದರೆ ಅದೆಂಥ ಸೈಕಲ್ಲು ಅನ್ನುವುದು ಅವಳ ವಾದ. "ಏನ್ ಸರ್, ಮನೆ ಶಿಫ್ಟ್ ಮಾಡ್ತಾ ಇದೀರಾ?" ಎಂದು ಮೈಸೂರಿನಿಂದ ಬಂದ ಒಬ್ಬಾತ ಕೇಳಿದ. ಅವನದು ಕಪ್ಪು ಬಣ್ಣದ, ಕಡ್ಡಿಯಂಥ ಸೈಕಲ್ಲು. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ, ಆದರೆ ಅವನ ಮುಖ ಗುರುತಿಟ್ಟುಕೊಂಡೆ.

ಗುರುತಿಟ್ಟುಕೊಳ್ಳುವುದು ನನ್ನ ಕಸುಬು. ನಾನು ಕರೆಂಟ್ ಆಫೀಸಿನ ನೌಕರ. ಮೀಟರ್ ಓದುವವನಾಗಿ ಸೇರಿದವನು ಈಗ ಮೀಟರ್ ತಪಾಸಣೆ ಮಾಡುತ್ತೇನೆ. ಸೀಲು ಒಡೆದು ಮತ್ತೆ ಅಂಟಿಸಿದವರು, ಕಂಬದಿಂದ ನೇರವಾಗಿ ಕೊಕ್ಕೆ ಹಾಕಿಕೊಂಡವರು, ನಾನು ಬೀದಿಯ ತಿರುವಿನಲ್ಲಿ ಕಂಡ ಕೂಡಲೇ ಆ ಕೊಕ್ಕೆಯನ್ನು ಕಿತ್ತು ಮಂಚದಡಿ ತುರುಕಿ ಬಾಗಿಲಲ್ಲಿ ನಿಂತು "ಬನ್ನಿ ಸ್ವಾಮಿ, ಕಾಫಿ ಕುಡೀರಿ" ಅನ್ನುವವರು, ಇಂಥವರ ನಡುವೆಯೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಯಾರಾದರೂ ಕಾಫಿ ಕೊಟ್ಟರೆ ನನ್ನ ಕಣ್ಣು ಮೊದಲು ಗೋಡೆಯ ವೈರಿನ ಮೇಲೆ ಹೋಗುತ್ತದೆ. ಮನೆಯಲ್ಲೂ ಅಷ್ಟೆ. ಸಾರು ಎಂದಿಗಿಂತ ರುಚಿಯಾಗಿದ್ದರೆ ಇವತ್ತು ಏನೋ ಕೇಳುವುದಿದೆ ಎಂದೇ ನನ್ನ ಅಂದಾಜು. "ನಿಮ್ ಅನ್ಮಾನುಕ್ಕೆ ಮದ್ದಿಲ್ಲ ಬುಡಿ" ಅನ್ನುತ್ತಾಳೆ ಹೆಂಡತಿ.

ಮಂಡಿನೋವಿಗೆ ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ್ದರಿಂದ ಶುರುವಾದ ಹುಚ್ಚು ಇದು. ಚಂದಕವಾಡಿಯ ತನಕ ಹೋಗಿ ಬರುತ್ತಿದ್ದವನು ಆಮೇಲೆ ಸಂತೆಮರಹಳ್ಳಿಯ ತನಕ ಹೋದೆ, ಆಮೇಲೆ ಈ ದೂರದ ಈವೆಂಟುಗಳ ಸುದ್ದಿ ಕಿವಿಗೆ ಬಿತ್ತು. ಒಂದೇ ದಿನದಲ್ಲಿ ನೂರು ಕಿಲೋಮೀಟರಿಗೂ ಮೇಲೆ. ಯಾರಿಗೂ ಯಾರ ಮೇಲೂ ಪೈಪೋಟಿಯಿಲ್ಲ, ಗೊತ್ತುಮಾಡಿದ ಹೊತ್ತಿನೊಳಗೆ ಮುಗಿಸಬೇಕು ಅಷ್ಟೆ. ದಾರಿಯಲ್ಲಿ ಅಲ್ಲಲ್ಲಿ ಅವರ ಕಡೆಯವರು ಕೂತಿರುತ್ತಾರೆ, ನಮ್ಮ ಕಾರ್ಡಿಗೆ ಸೀಲು ಒತ್ತುತ್ತಾರೆ. ನಡುವೆ ಹೊರಗಿನವರಿಂದ ಏನೂ ಸಹಾಯ ಪಡೆಯಬಾರದು. ಪಂಕ್ಚರ್ ಆದರೂ ನಾವೇ ಹಾಕಿಕೊಳ್ಳಬೇಕು. ಹಿಂದಿನ ಸಲ ಎದುರುಗಾಳಿಗೆ ಸಿಕ್ಕಿ ನಾನು ಮುಗಿಸುವಷ್ಟರಲ್ಲಿ ಅವರು ಮೇಜು ಕುರ್ಚಿ ಮಡಚಿಟ್ಟುಕೊಂಡು ಹೊರಟುಬಿಟ್ಟಿದ್ದರು. ಈ ಸಲ ಏನಾದರಾಗಲಿ ಮುಗಿಸಲೇಬೇಕು ಅಂತ ಹಟ. ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ, ಅದೇ ಎಡವಟ್ಟು.

ತೆರಕಣಾಂಬಿ ದಾಟಿದ ಮೇಲೆ ಗಾಳಿ ಎದುರಿಗೆ ತಿರುಗಿತು. ಮೌಂಟನ್ ಬೈಕಿನ ಟೈರು ಡಾಂಬರಿನ ಮೇಲೆ ಗುಂಯ್ ಎಂದು ಕೂಗುತ್ತದೆ. ಆ ಕೂಗಿನ ನಡುವೆಯೂ ನನ್ನ ಹಿಂದೆ ಯಾರೋ ಉಸಿರಾಡುತ್ತಿರುವುದು ಕೇಳಿಸಿತು. ತಿರುಗಿ ನೋಡಿದರೆ ಆ ಕಪ್ಪು ಸೈಕಲ್ಲಿನವನು. ನನ್ನ ಹಿಂಚಕ್ರಕ್ಕೆ ಅಂಟಿಕೊಂಡಂತೆ ಬರುತ್ತಿದ್ದಾನೆ. ನಾನು ಎಡಕ್ಕೆ ಹೋದರೆ ಎಡಕ್ಕೆ, ನಿಧಾನ ಮಾಡಿದರೆ ನಿಧಾನ. ಏನಪ್ಪಾ ಇವನಿಗೆ ಬೇಕಾಗಿರುವುದು ಅಂತ ಎದೆ ಡವಡವ. ಆಮೇಲೆ ಹೊಳೆಯಿತು. ನನ್ನ ಮೈ ಅಗಲ, ಅದರ ಮರೆಯಲ್ಲಿ ಅವನಿಗೆ ಗಾಳಿ ತಾಗುತ್ತಿಲ್ಲ. ಅದು ನಿಯಮದ ಪ್ರಕಾರ ತಪ್ಪೇನಲ್ಲವಂತೆ. ಗುಂಡ್ಲುಪೇಟೆ ಇನ್ನೇನು ಬಂತು ಅನ್ನುವಾಗ ಒಂದು ಮಾತೂ ಆಡದೆ ನನ್ನನ್ನು ದಾಟಿ ಸುಯ್ಯನೆ ಮುಂದೆ ಹೋದ. ಉಂಡು ಕೈ ತೊಳೆಯದೆ ಎದ್ದುಹೋದವನ ಮೇಲೆ ಬಂದಂಥ ಸಿಟ್ಟು ಬಂತು.

ಗುಂಡ್ಲುಪೇಟೆಯ ಹೋಟೆಲಿನ ಮುಂದೆ ಸೀಲು ಹಾಕಿಸಿಕೊಂಡು, ಮಲಯಾಳಿ ಲಾರಿಯವರ ನಡುವೆ ನಿಂತು ಇಡ್ಲಿ ತಿಂದು, ಹೆದ್ದಾರಿ ಹಿಡಿದೆ. ಲಾರಿಗಳು ಪಕ್ಕದಲ್ಲಿ ಹಾದುಹೋದಾಗೆಲ್ಲ ಸೈಕಲ್ಲು ಒಂದು ಗೇಣು ಆ ಕಡೆ ಹೋಗುತ್ತಿತ್ತು. ಬೇಗೂರು ಬರುವ ಹೊತ್ತಿಗೆ ಬಿಸಿಲು ನೆತ್ತಿ ಸುಡತೊಡಗಿತು. ಊರ ಕೊನೆಗೆ ರಸ್ತೆ ಪಕ್ಕದಲ್ಲಿ ತಗಡಿನ ಒಂದು ಟೀ ಅಂಗಡಿ. ನಾನು ಸೈಕಲ್ ನಿಲ್ಲಿಸಿದೆ. ಅಂಗಡಿಯ ಹೆಂಗಸಿಗೆ ಐವತ್ತರ ಹತ್ತಿರ ಇರಬಹುದು. ಟೀ ಸೋಸುತ್ತಿದ್ದಳು, ಕಣ್ಣು ಮಾತ್ರ ನನ್ನ ಸೈಕಲ್ಲಿನ ಮೇಲೆಯೇ.

"ಅಣ್ಣ, ಬೆಳಗ್ನಿಂದ ಒಬ್ರಿಂದೆ ಒಬ್ರು ಓಯ್ತಾನೇ ಇದ್ದೀರಲ್ಲ, ನಂಜನಗೂಡ್ಗಾ?" ಎಂದಳು.

"ಹ್ಞೂಂ ಕಣಕ್ಕ. ಅಲ್ಲಿ ಸೀಲ್ ಹಾಕುಸ್ಕೊಂಡು ಮುಂದಕ್ ಹೋಗ್ಬೇಕು."

"ಅರ್ಕೆಯೋರಾ ಎಲ್ಲಾರೂವ?"

ನನ್ನ ನಾಲಿಗೆ ಸುಮ್ಮನಿರುವುದಿಲ್ಲ. "ಒಂಥರಾ ಹರ್ಕೆನೇ ಅನ್ಕೊ. ಇಲ್ದಿದ್ರೆ ಈ ಬಿಸ್ಲಲ್ಲಿ ಯಾವನ್ ತುಳೀತಾನೆ?" ಎಂದುಬಿಟ್ಟೆ. ಆ ಮಾತು ಕೇಳಿ ಅವಳ ಮುಖವೇ ಬದಲಾಯಿತು. ಟೀ ಲೋಟ ಕೈಗೆ ಕೊಡದೆ ಹಲಗೆಯ ಮೇಲಿಟ್ಟಳು. ಅಂಗಡಿಯ ಒಳಗೋಡೆಯ ಮೇಲಿನ ಮೊಳೆಯನ್ನು ತೋರಿಸಿದಳು. ಅಲ್ಲಿ ಹಳದಿ ಬಟ್ಟೆಯ ಒಂದು ಗಂಟು ನೇತಾಡುತ್ತಿತ್ತು.

"ನಂಜುಂಡಪ್ಪುಂದು ಮುಡ್ಪು ಕಣಣ್ಣ. ತಕ್ಕೊಂಡೋಗಿ ಉಂಡಿಗ್ ಆಕ್ಬುಡಿ. ನಾನು ಮುಟ್ಟಂಗಿಲ್ಲ, ನಮ್ಗೆ ಸೂತ್ಕ. ನೀವೇ ಕೈಯಾರ ತಕ್ಕಳಿ."

ನನ್ನ ಮೈಯೆಲ್ಲ ಕಿವಿಯಾಯಿತು. ಸೂತಕ! ಈ ಮಾತನ್ನು ನಾನು ಎಷ್ಟು ಬಾಗಿಲಲ್ಲಿ ಕೇಳಿಲ್ಲ? "ಮನೇಲಿ ಸೂತ್ಕ ಸ್ವಾಮಿ, ಒಳಕ್ ಬರ್ಬ್ಯಾಡಿ" ಅಂದ ಮನೆಗಳಲ್ಲಿ ಹಿತ್ತಲಿಂದ ನುಗ್ಗಿ ನೋಡಿದರೆ ಮೀಟರಿನ ಪಕ್ಕದಲ್ಲೇ ಬೇರೆ ವೈರು ಎಳೆದಿರುತ್ತದೆ. ಈಗ ಇವಳು ತನ್ನ ಗಂಟನ್ನು ತಾನೇ ಮುಟ್ಟುವುದಿಲ್ಲ ಅನ್ನುತ್ತಾಳೆ. ನಾನೇ ನನ್ನ ಕೈಯಾರೆ ತೆಗೆದುಕೊಳ್ಳಬೇಕಂತೆ. ಕೇರಳದ ಗಡಿ ಹತ್ತಿರ, ತಮಿಳುನಾಡಿನ ಗಡಿ ಹತ್ತಿರ, ಯಾವ ಗಂಟಿನಲ್ಲಿ ಗಾಂಜಾ ಸೊಪ್ಪು ಹೋಗುತ್ತದೋ ಯಾರು ಬಲ್ಲರು? ಸಿಕ್ಕಿಬಿದ್ದರೆ ಗಂಟಿನ ಮೇಲೆ ಇರುವುದು ನನ್ನ ಬೆರಳಚ್ಚು, ಅವಳದಲ್ಲ.

"ಊರಲ್ಲಿ ಬೇರೆ ಯಾರೂ ಇಲ್ವಾ?" ಎಂದೆ.

"ನಮ್ ಬೀದಿಯೆಲ್ಲ ದಾಯಾದಿಗೋಳೆಯ. ಎಲ್ಲಾರ್ಗೂ ಸೂತ್ಕ. ಬಸ್ನೋರ ಕೈಗ್ ಕೊಟ್ರೆ ಸೀಟಿನ್ ಅಡೀಕ್ ತಳ್ಬುಡ್ತಾರೆ. ಮುಡ್ಪು ನೆಲಕ್ ಮುಟ್ಬಾರ್ದು." ಅವಳ ದನಿ ಇದ್ದಕ್ಕಿದ್ದಂತೆ ಕುಗ್ಗಿತು. "ನನ್ ಮಗುಳ್ಗೆ ಏಳ್ ತಿಂಗುಳ್ಗೇ ಎರಿಗೆ ಆಗ್ಬುಡ್ತು ಕಣಣ್ಣ. ಮೈಸೂರಾಸ್ಪತ್ರೇಲಿ ಕೂಸ್ನ ಗಾಜಿನ್ ಪೆಟ್ಗೇಲಿ ಮಡ್ಗವ್ರೆ. ಅಂಗೈ ಅಗ್ಲ ಅದಂತೆ. ಅವ್ಳು ಬಸ್ರಿ ಆದಾಗ್ಲೇ ಕಟ್ಟಿದ್ ಮುಡ್ಪು ಇದು, ಎರಿಗೆಗ್ ಮುಂಚೆ ಒಪ್ಪುಸ್ಬೇಕಿತ್ತು. ಅಷ್ಟ್ರಲ್ಲಿ ದಾಯಾದಿ ಮನೇಲಿ ಈ ಸಾವು ಆಗೋಯ್ತು. ಸಾಲ ಅಂಗೇ ನಿಂತೋಗದೆ. ದ್ಯಾವ್ರು ಕೂಸ್ನ ಮ್ಯಾಲೆ ಸಾಲ ವಸೂಲ್ ಮಾಡ್ಬುಟ್ರೆ?"

ದೇವರನ್ನು ಅಷ್ಟಾಗಿ ನಂಬುವವನಲ್ಲ ನಾನು, ನಂಬದೆ ಇದ್ದುಬಿಡುವ ಧೈರ್ಯವೂ ನನಗಿಲ್ಲ. ಮೊಳೆಯಿಂದ ಗಂಟು ತೆಗೆದೆ. ನೋಡುವುದಕ್ಕೆ ಚಿಕ್ಕದು, ಕೈಗೆ ಸಿಕ್ಕರೆ ಭಾರ. ಬೇರೆಯವರ ಸೈಕಲ್ಲಿನಲ್ಲಿ ಕಟ್ಟುವುದಕ್ಕೆ ಜಾಗವೇ ಇರಲಿಲ್ಲವೆಂದು, ದೇವರೇ ನನ್ನನ್ನು ಕಳಿಸಿದನೆಂದು ಅವಳು ಹೇಳುತ್ತಲೇ ಇದ್ದಳು. ಕ್ಯಾರಿಯರಿಗೆ ಟವೆಲ್ ಹಾಸಿ ಅದರ ಮೇಲಿಟ್ಟು ರಬ್ಬರಿನಿಂದ ಬಿಗಿದೆ. "ಬಿಚ್ಬ್ಯಾಡಿ ಕಣಣ್ಣ. ಬಿಚ್ಚುದ್ರೆ ಮುಡ್ಪು ಕೆಟ್ಟೋಯ್ತದೆ" ಅಂದಳು. ಟೀ ಕಾಸು ಇಸಿದುಕೊಳ್ಳಲಿಲ್ಲ. ಅದೂ ನನಗೆ ಅನುಮಾನವೇ.

ಅಲ್ಲಿಂದ ಮುಂದೆ ತುಳಿದದ್ದು ಸೈಕಲ್ಲಲ್ಲ, ಸಂಕಟ. ಬಿಚ್ಚಬೇಡಿ ಎಂದು ಯಾರಾದರೂ ಹೇಳಿದರೆ ಬಿಚ್ಚುವುದಕ್ಕೆಂದೇ ಸರ್ಕಾರ ನನಗೆ ಸಂಬಳ ಕೊಡುತ್ತದೆ. ಬೆನ್ನ ಹಿಂದೆ ಆ ಗಂಟು ಕೂತು ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಒಂದು ಕಡೆ ಪೊಲೀಸರು ಬ್ಯಾರಿಕೇಡ್ ಹಾಕಿ ಗಾಡಿಗಳನ್ನು ನಿಲ್ಲಿಸುತ್ತಿದ್ದರು. ಪೇದೆ ನನಗೂ ಕೈ ಅಡ್ಡ ಹಿಡಿದ. ಹತ್ತಿರ ಬಂದು, ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, ಗೇರನ್ನು ಮುಟ್ಟಿ, "ಎಷ್ಟಾಯ್ತು ಸ್ವಾಮಿ ಇದುಕ್ಕೆ?" ಅಂದ. ಹೇಳಿದೆ. "ಅಯ್ಯೋ, ಅದ್ರಲ್ಲಿ ಸೆಕೆಂಡ್ ಹ್ಯಾಂಡ್ ಬೈಕೇ ಬತ್ತಿತ್ತಲ್ಲ" ಎಂದು ಬಿಟ್ಟುಬಿಟ್ಟ. ಗಂಟಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಇವನೆಂಥ ಪೊಲೀಸು ಅಂತ ಅವನ ಮೇಲೂ ನನಗೆ ಸಿಟ್ಟು ಬಂತು.

ಸ್ವಲ್ಪ ಮುಂದೆ ಒಂದು ಹುಣಸೆಮರದ ಕೆಳಗೆ ನಿಂತೇಬಿಟ್ಟೆ. ಹಿಂದೆ ಮುಂದೆ ಯಾರೂ ಇರಲಿಲ್ಲ. ಗಂಟಿನ ಮೇಲೆ ಕೈಯಾಡಿಸಿದೆ. ಗಟ್ಟಿಯಾದದ್ದೇನೋ ಇದೆ, ಅದರ ಸುತ್ತ ಕಾಳಿನಂಥದ್ದು ಜಾರುತ್ತದೆ. ಮೂಗಿನ ಹತ್ತಿರ ಹಿಡಿದರೆ ಅರಿಸಿನ, ಕರ್ಪೂರ. ಅರಿಸಿನದ ಕೆಳಗೆ ಏನು ಬೇಕಾದರೂ ಅಡಗಿಸಬಹುದು ಎಂದಿತು ನನ್ನೊಳಗಿನ ತಪಾಸಣೆಯವನು. ಗಂಟನ್ನು ಕಣ್ಣಿಗೆ ಹಿಡಿದು ನೋಡಿದೆ. ಒಂದರ ಮೇಲೊಂದು ಹಾಕಿದ ಬಿಗಿ ಗಂಟು, ಮೇಲೆ ಅರಿಸಿನದ ನೀರು ಒಣಗಿ ಬಟ್ಟೆ ಅಂಟಿಕೊಂಡಿತ್ತು. ಸೀಲು ಎಂದರೆ ಏನೆಂದು ನನಗೆ ಗೊತ್ತು. ಒಮ್ಮೆ ಬಿಚ್ಚಿದರೆ ಎಂಥ ಕೈಚಳಕದವನು ಕಟ್ಟಿದರೂ ಮೊದಲಿನ ಹಾಗೆ ಆಗುವುದಿಲ್ಲ. ಅಂಗೈ ಅಗಲದ ಆ ಕೂಸು ನೆನಪಾಯಿತು. ಬೆರಳು ಹಿಂದಕ್ಕೆ ಬಂತು. ಹಾಳಾಗಿ ಹೋಗಲಿ ಅಂತ ಮತ್ತೆ ಬಿಗಿದು ಹತ್ತಿದೆ.

ಅಲ್ಲಿಂದ ಮುಂದೆ ರಸ್ತೆ ಅಗೆದುಹಾಕಿದ್ದರು. ಒಂದೇ ಸಮನೆ ಜಲ್ಲಿ. ಕಡ್ಡಿ ಟೈರಿನವರೆಲ್ಲ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿಕೊಂಡು, ತಳದಲ್ಲಿ ಕಬ್ಬಿಣವಿರುವ ಆ ಬೂಟುಗಳಲ್ಲಿ ಜಾರುತ್ತಾ ನಡೆಯುತ್ತಿದ್ದರು. ನನ್ನ ಸೈಕಲ್ಲಿಗೆ ಇದು ತವರುಮನೆ. ಹಲ್ಲಿನ ಟೈರು ಜಲ್ಲಿಯನ್ನು ಕಚ್ಚಿಕೊಂಡು ಹೋಯಿತು, ಶಾಕ್ ಅಬ್ಸಾರ್ಬರು ಹಳ್ಳಗಳನ್ನೆಲ್ಲ ನುಂಗಿತು. ಬೆಲ್ಲು ಬಾರಿಸುತ್ತಾ ಒಬ್ಬೊಬ್ಬರನ್ನೇ ದಾಟಿದೆ. ಕಪ್ಪು ಸೈಕಲ್ಲಿನವನನ್ನು ದಾಟುವಾಗ ಬೇಕೆಂದೇ ಎರಡು ಸಲ ಹೆಚ್ಚಿಗೆ ಬಾರಿಸಿದೆ. ಅವನು ನನ್ನನ್ನು ನೋಡಲಿಲ್ಲ, ನನ್ನ ಕ್ಯಾರಿಯರನ್ನು ನೋಡಿದ.

ನಂಜನಗೂಡಿನಲ್ಲಿ ಸೀಲು ಹಾಕುವ ಮೇಜಿನ ಮುಂದೆ ಎದೆಯುಬ್ಬಿಸಿ ನಿಂತೆ. ಸಮಯ ಧಾರಾಳವಾಗಿತ್ತು. ಸಂತೆಮರಹಳ್ಳಿ ಮಾರ್ಗವಾಗಿ ಸಾಯಂಕಾಲ ಚಾಮರಾಜನಗರ ಸೇರುವುದು ಖಾತ್ರಿ ಅಂದುಕೊಂಡೆ. ಮೇಜಿನ ಹಿಂದೆ ಈವೆಂಟಿನ ಉಸ್ತುವಾರಿಯವನು ಕೂತಿದ್ದ. ಒಳ್ಳೆಯ ಮಾತಿನ, ಕನ್ನಡಕದ ಯುವಕ. ಕಾರ್ಡು ಇಸಿದುಕೊಂಡ, ಆದರೆ ಸೀಲು ಒತ್ತಲಿಲ್ಲ. ಫೋನಿನಲ್ಲಿ ಏನನ್ನೋ ಓದಿ ನನ್ನನ್ನು ನೋಡಿದ, ಮತ್ತೆ ಓದಿದ. ಹಿಂದೆ ನಡೆದುಕೊಂಡು ಬರುತ್ತಿದ್ದ ಕಪ್ಪು ಸೈಕಲ್ಲಿನವನು ಆಗಲೇ ಕಂಪ್ಲೇಂಟ್ ಕಳಿಸಿದ್ದ. ಗುಂಡ್ಲುಪೇಟೆಯವರೆಗೆ ಖಾಲಿಯಿದ್ದ ಕ್ಯಾರಿಯರಿನಲ್ಲಿ ಈಗ ಗಂಟಿದೆ, ಗಂಟು ಬಂದ ಮೇಲೆ ಈ ಮನುಷ್ಯ ಮೌಂಟನ್ ಬೈಕಿನಲ್ಲಿ ಎಲ್ಲರನ್ನೂ ದಾಟಿ ಹೋಗುತ್ತಿದ್ದಾನೆ, ಅದರೊಳಗೆ ಬ್ಯಾಟರಿ ಇರಬೇಕು ಅಂತ.

ನನಗೆ ನಗು ಬಂತು. "ಬ್ಯಾಟರಿ ಇದ್ರೆ ಮೋಟ್ರು ಬೇಡ್ವೇನ್ರೀ? ಚಕ್ರ ತಿರುಗ್ಸಿ ನೋಡಿ, ವೈರ್ ಎಲ್ಲಿದೆ ಹುಡುಕಿ. ವೈರ್ ಹುಡುಕೋದು ನನ್ನ ಕೆಲ್ಸ, ನಾನೂ ಸಹಾಯ ಮಾಡ್ತೀನಿ" ಅಂದೆ. ಅವರು ನಿಜವಾಗಿಯೂ ಸೈಕಲ್ಲನ್ನು ಎತ್ತಿ ಚಕ್ರ ತಿರುಗಿಸಿದರು, ಕೊಳವೆಗಳನ್ನು ತಟ್ಟಿದರು. ಏನೂ ಸಿಗಲಿಲ್ಲ.

"ಸರಿ ಸರ್, ಮೋಟರ್ ಇಲ್ಲ. ಆದ್ರೆ ಗಂಟಲ್ಲಿ ಏನಿದೆ?"

"ಗೊತ್ತಿಲ್ಲ."

ಅವನ ಹುಬ್ಬು ಮೇಲಕ್ಕೆ ಹೋಯಿತು. ಆ ಹುಬ್ಬು ನನಗೆ ಚೆನ್ನಾಗಿ ಗೊತ್ತು, ಅದು ನನ್ನದೇ ಹುಬ್ಬು. ಮುಡಿಪಿನ ವಿಷಯ ಹೇಳಿದೆ, ಟೀ ಅಂಗಡಿ, ಸೂತಕ, ಗಾಜಿನ ಪೆಟ್ಟಿಗೆಯ ಕೂಸು, ಎಲ್ಲಾ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಕಿವಿಗೇ ಅದು ಕಟ್ಟುಕಥೆಯ ಹಾಗೆ ಕೇಳಿಸತೊಡಗಿತು. ಯಾವನಾದರೂ ತನ್ನ ಮೀಟರಿನ ಮುಂದೆ ನಿಂತು ನನಗೆ ಇಂಥ ಕಥೆ ಹೇಳಿದ್ದರೆ ಅಲ್ಲೇ ಫ್ಯೂಸ್ ಕಿತ್ತುಕೊಂಡು ಬರುತ್ತಿದ್ದೆ.

"ನಾನು ನಿಮ್ಮನ್ನ ನಂಬ್ತೀನಿ ಸರ್," ಎಂದ ಅವನು. "ಆದ್ರೆ ಒಂದ್ಸಲ ಬಿಚ್ಚಿ ತೋರಿಸಿಬಿಡಿ. ಪೊಲೀಸ್ ಪರ್ಮಿಷನ್ ನನ್ನ ಹೆಸರಲ್ಲಿದೆ. ಏನು ಅಂತಾನೇ ಗೊತ್ತಿಲ್ಲದ ಪಾರ್ಸೆಲ್ಲನ್ನ ನಮ್ಮ ರೈಡರ್ ಒಬ್ಬರು ಹೊತ್ಕೊಂಡು ಹೋಗ್ತಿದಾರೆ ಅಂದ್ರೆ ನಾಳೆ ಉತ್ತರ ಹೇಳ್ಬೇಕಾದೋನು ನಾನು."

"ದೇವಸ್ಥಾನ ಇಲ್ಲೇ ಇದೆ. ಹೋಗಿ ಹುಂಡಿಗೆ ಹಾಕಿ ಬಂದುಬಿಡ್ತೀನಿ, ಆಮೇಲೆ ಸೀಲ್ ಹಾಕಿ."

"ಹಾಕಿ ಬಂದ ಮೇಲೆ ಒಳಗೆ ಏನಿತ್ತು ಅಂತ ನಾನು ಹೇಗೆ ಹೇಳಲಿ ಸರ್?"

ಕೊಕ್ಕೆ ಕಿತ್ತು ಮಂಚದಡಿ ಹಾಕಿದ ಮೇಲೆ ಬನ್ನಿ ನೋಡಿ ಅನ್ನುವವರನ್ನು ನಾನೂ ಎಂದೂ ನಂಬಿದವನಲ್ಲ. ಅಷ್ಟರಲ್ಲಿ ಕಪ್ಪು ಸೈಕಲ್ಲಿನವನೂ ಬಂದು ಕೈಕಟ್ಟಿ ನಿಂತ. "ಬಿಚ್ಚೋಕೆ ಯಾಕ್ ಸರ್ ಅಷ್ಟು ಭಯ? ಏನೂ ಇಲ್ದಿದ್ರೆ ಬಿಚ್ಚಿ" ಅಂದ. ಮೈ ಉರಿದುಹೋಯಿತು. ಇದೇ ಮಾತು, ಇದೇ ದನಿ, ನನ್ನ ಬಾಯಿಂದ ಎಷ್ಟು ಜನರ ಮೇಲೆ ಬಿದ್ದಿದೆಯೋ. ಹುಣಸೆಮರದ ಕೆಳಗೆ ಆ ಗಂಟನ್ನು ಬಿಚ್ಚಲು ನನ್ನ ಬೆರಳೇ ತುರಿಸುತ್ತಿತ್ತು. ಈಗ ಬೇರೆ ಯಾರೋ ಬಿಚ್ಚು ಅಂದಾಗ, ಅದರ ಮೇಲೆ ಕೈಯಿಟ್ಟು ನಿಂತುಬಿಟ್ಟೆ. ಅದು ನನ್ನದಲ್ಲ. ಅದನ್ನು ಕಟ್ಟಿದವಳು ಸೂತಕದ ಕೈ ತಾಗೀತೆಂದು ನನ್ನ ಟೀ ಲೋಟವನ್ನು ಸಹ ಹಲಗೆಯ ಮೇಲಿಟ್ಟವಳು.

"ಬಿಚ್ಚಲ್ಲ. ಏನ್ ಮಾಡ್ಕೊಂತೀರೋ ಮಾಡ್ಕೊಳಿ" ಅಂದೆ.

ಉಸ್ತುವಾರಿಯವನು ಬೇಜಾರಿನಿಂದಲೇ ನನ್ನ ಕಾರ್ಡನ್ನು ವಾಪಸ್ಸು ಕೊಡದೆ ಮೇಜಿನ ಡಬ್ಬಿಗೆ ಹಾಕಿದ. ಅಲ್ಲಿಗೆ ನನ್ನ ಈವೆಂಟು ಮುಗಿಯಿತು. ನನಗೆ ಅಳು ಬಂತು ಎಂದರೆ ನಾಚಿಕೆಯೇನೂ ಇಲ್ಲ. ಎಷ್ಟು ಭಾನುವಾರಗಳ ಬೆವರು, ಎಂಥ ಕಾಲು ನೋವು, ನಾಳೆ ಆಫೀಸಿನಲ್ಲಿ ಯಾವ ಮುಖ ಇಟ್ಟುಕೊಂಡು ಕೂರಲಿ? ಮುಡಿಪನ್ನು ಬಿಚ್ಚಿ ಎಂದು ಮತ್ತೊಮ್ಮೆ ಕೇಳಿದ್ದರೆ ಆ ಹೊತ್ತಿಗೆ ಅವನ ಕಪಾಳಕ್ಕೆ ಬಾರಿಸಿಬಿಡುತ್ತಿದ್ದೆನೋ ಏನೋ.

ದೇವಸ್ಥಾನದ ಮುಂದೆ ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡೆ, ಆ ಬಿಗಿ ಚಡ್ಡಿಯಲ್ಲಿ ಒಳಗೆ ಹೋಗುವುದು ಹೇಗೆ? ಮುಡಿಪು ನೆಲಕ್ಕೆ ತಾಗಬಾರದೆಂದು ತಲೆಯ ಮೇಲಿಟ್ಟುಕೊಂಡು ಒಂದೇ ಕೈಲಿ ಬೂಟು ಬಿಚ್ಚಿದೆ. ಸಾಲಿನಲ್ಲಿದ್ದವರು ನನ್ನನ್ನು ಕಳ್ಳನನ್ನು ನೋಡುವ ಹಾಗೆ ನೋಡಿದರು. ಎದೆಗೆ ನಂಬರ್ ಚೀಟಿ, ಸೊಂಟಕ್ಕೆ ಟವೆಲ್, ತಲೆಯ ಮೇಲೆ ಗಂಟು, ನೋಡದೆ ಇನ್ನೇನು ಮಾಡುತ್ತಾರೆ. ಹುಂಡಿಯ ಬಾಯಿ ಚಿಕ್ಕದು, ಗಂಟನ್ನು ಒತ್ತಿ ಒತ್ತಿ ತಳ್ಳಬೇಕಾಯಿತು. ಒಳಗೆ ಬಿದ್ದ ಸದ್ದು ಕೇಳಿ ಅದು ಏನಿರಬಹುದೆಂದು ಆಗಲೂ ಕಿವಿಗೊಟ್ಟೆ. ತಿಳಿಯಲಿಲ್ಲ. "ಅಪ್ಪಾ, ಸಾಲ ತೀರಿತು, ಕೂಸನ್ನು ಬಿಟ್ಟುಬಿಡು" ಎಂದು ಕೈಮುಗಿದೆ. ನಂಬಿಯೇ ಮುಗಿದೆನೋ, ಮುಗಿಯಬೇಕೆಂದು ಮುಗಿದೆನೋ ನನಗೇ ಗೊತ್ತಿಲ್ಲ. ಆದರೆ ಕಣ್ಣಲ್ಲಿ ನೀರು ಮಾತ್ರ ಇತ್ತು.

ಮುಂದಿನ ಭಾನುವಾರ ಸುಮ್ಮನಿರಲಾಗಲಿಲ್ಲ. ಸೈಕಲ್ ಹತ್ತಿ ಬೇಗೂರಿಗೆ ಹೋದೆ. ಮುಡಿಪು ಒಪ್ಪಿಸಿದ ಸುದ್ದಿ ಹೇಳಬೇಕು, ಕೂಸು ಹೇಗಿದೆ ಕೇಳಬೇಕು, ನಿನ್ನ ಗಂಟಿನಿಂದ ನನಗೇನಾಯಿತು ನೋಡಕ್ಕ ಎಂದು ಸ್ವಲ್ಪ ಹೇಳಿಕೊಳ್ಳಲೂ ಬೇಕು ಎಂಬ ಆಸೆ. ಅಂಗಡಿ ತೆರೆದಿತ್ತು, ಒಲೆ ಹತ್ತಿರಲಿಲ್ಲ. ಅವಳು ಒಳಗೆ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡು ಎದ್ದಳು. ಬನ್ನಿ ಅನ್ನಲಿಲ್ಲ.

"ಕೂಸು ಓಗ್ಬುಡ್ತು" ಅಂದಳು.

ನಾನು ಸೈಕಲ್ ಹಿಡಿದುಕೊಂಡೇ ನಿಂತೆ. ಅವಳು ಹತ್ತಿರ ಬಂದು ನನ್ನ ಮುಖವನ್ನು ನೋಡಿದಳು. ಸೀಲನ್ನು ಬೆಳಕಿಗೆ ಹಿಡಿದು ನೋಡುವ ನೋಟ ಅದು.

"ನೀವು ಬಿಚ್ಚಿ ನೋಡಿರ್ಬೇಕು."

"ಅಯ್ಯೋ ಇಲ್ಲ ಕಣಕ್ಕ!"

"ಬಿಚ್ಚಿದ್ದೀರಿ. ಇಲ್ದಿದ್ರೆ ಯಾಕ್ ಓಯ್ತಿತ್ತು? ನಾಲ್ಕ್ ದಿನ ಉಸುರಾಡ್ತಿದ್ ಕೂಸು ಕಣಯ್ಯ. ನಿಮ್ ಕೈಗ್ ಕೊಟ್ನಲ್ಲ, ನನ್ ಬುದ್ಧಿಗಿಷ್ಟು..."

ದುಃಖದಲ್ಲಿರುವ ಹೆಂಗಸು ಎಂದು ನಾನು ತಡೆದುಕೊಳ್ಳಬೇಕಿತ್ತು. ತಡೆದುಕೊಳ್ಳಲಾಗಲಿಲ್ಲ. ಯಾವುದನ್ನು ಬಿಚ್ಚಲಿಲ್ಲವೆಂದು ಅಷ್ಟು ಜನರ ಮುಂದೆ ಮಾನ ಕಳೆದುಕೊಂಡೆನೋ ಅದನ್ನೇ ಬಿಚ್ಚಿದೆ ಅನ್ನುತ್ತಾಳಲ್ಲ! ಫೋನ್ ತೆಗೆದು ಉಸ್ತುವಾರಿಯವನಿಗೆ ಹಚ್ಚಿ ಸ್ಪೀಕರ್ ಹಾಕಿದೆ. "ಇಲ್ಲಿ ಆ ಮುಡಿಪಿನ ಅಕ್ಕ ಇದ್ದಾರೆ. ನಾನು ಬಿಚ್ಚಿದ್ನೋ ಇಲ್ವೋ ನೀವೇ ಹೇಳಿ" ಅಂದೆ.

ಅವನು ಹೇಳಿದ. "ಇಲ್ಲಮ್ಮ, ಅವರು ಬಿಚ್ಚಲಿಲ್ಲ. ನಾವು ಎಷ್ಟು ಕೇಳಿದ್ರೂ ಬಿಚ್ಚಲೇ ಇಲ್ಲ. ಅದಕ್ಕೇ ಅವರನ್ನ ಈವೆಂಟಿಂದ ಹೊರಗೆ ಹಾಕಿದ್ವಿ."

ಗೆದ್ದೆ ಅನ್ನಿಸಿತು. ಫೋನನ್ನು ಜೇಬಿಗಿಟ್ಟು, ನೋಡಿದೆಯಾ ಅನ್ನುವ ಹಾಗೆ ಅವಳ ಕಡೆ ತಿರುಗಿದೆ. ಅವಳು ನಿಂತಲ್ಲೇ ಕುಸಿದು ಕೂತಳು. ಬಹಳ ಹೊತ್ತು ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಅಂಗಾರೆ ನಾನೇಯ" ಅಂದಳು ಆಮೇಲೆ. "ನನ್ ಮಗ್ಳು ನಂತಾವ ಮಾತಾಡ್ತಿಲ್ಲ ಕಣಣ್ಣ. ಸೂತ್ಕುದಲ್ಲಿ ನೀನೇ ಮುಟ್ಬುಟ್ಟಿದ್ದೀಯ, ಅದ್ಕೇ ನನ್ ಕೂಸು ಓಯ್ತು ಅಂತಾಳೆ. ನಾ ಮುಟ್ನಿಲ್ಲ. ಅವತ್ತು ಮೊಳೆಯಿಂದ ನೀವೇ ತಕ್ಕೊಂಡ್ರಿ, ನೋಡಿದ್ದೀರಿ. ಆದ್ರೂ ಅವ್ಳು ನಂಬಲ್ಲ. ಸೈಕಲ್ನೋನು ಬಿಚ್ಚಿರ್ಬೇಕು ಕಣವ್ವ ಅಂದೆ. ಅದೊಂದೇ ಇತ್ತು ನಂಗೆ ಯೋಳಾಕೆ. ಈಗ ಅದೂ ಇಲ್ಲ."

ಹಾದಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಎಂಥ ಕೆಲಸ ಮಾಡಿಬಿಟ್ಟೆ, ಸಾಕ್ಷಿ ಸಮೇತ ನಾನು ನಿರಪರಾಧಿ ಎಂದು ಸಾಬೀತು ಮಾಡುವುದಕ್ಕೆ ಅಷ್ಟು ದೂರದಿಂದ ತುಳಿದುಕೊಂಡು ಬಂದಿದ್ದೇನೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತೆ.

"ಅಕ್ಕ, ಅವ್ನಿಗೇನ್ ಗೊತ್ತು? ಅವ್ನು ನನ್ನ ನೋಡಿದ್ದು ನಂಜನಗೂಡಲ್ಲಿ. ಇಲ್ಲಿಂದ ಅಲ್ಲೀಗಂಟ ನಾನೊಬ್ನೇ ಇದ್ದೆ. ದಾರೀಲಿ ಹುಣಸೆಮರದ್ ಕೆಳಗೆ ನಿಂತು ಬಿಚ್ಚಿ ನೋಡ್ಬುಟ್ಟು ಮತ್ತೆ ಕಟ್ಟಿದ್ದೆ."

ಅವಳು ತಲೆಯೆತ್ತಿದಳು. "ನಿಜವಾ?"

"ನಿಜ ಕಣಕ್ಕ."

"ಏನಿತ್ತು ಒಳ್ಗೆ?"

ಅಷ್ಟು ವರ್ಷ ಜನರ ಸುಳ್ಳುಗಳನ್ನು ಹಿಡಿದವನಿಗೆ ತನ್ನದೊಂದು ಸುಳ್ಳನ್ನು ನಿಲ್ಲಿಸಲು ಬರಲಿಲ್ಲ. "ಅಕ್ಕಿ... ತೆಂಗಿನ್ಕಾಯಿ..." ಎಂದು ತೊದಲಿದೆ. ಅವಳು ನನ್ನನ್ನು ನೋಡಿದಳು. ಸರಿಯೆಂದಳೂ ಇಲ್ಲ, ತಪ್ಪೆಂದಳೂ ಇಲ್ಲ. ನಂಬಿದಳೋ, ನಂಬಿದಂತೆ ಮಾಡಿದಳೋ, ಅದು ಇವತ್ತಿಗೂ ನನಗೆ ಅನುಮಾನವೇ. ಸೆರಗಿನಿಂದ ಮುಖ ಒರೆಸಿಕೊಂಡು, ಹಲಗೆಯ ಮೇಲಿದ್ದ ಫೋನ್ ತೆಗೆದುಕೊಂಡು ಮಗಳಿಗೆ ಹಚ್ಚಿದಳು. ಆ ಕಡೆ ಎತ್ತುವ ತನಕ ನನ್ನ ಮೇಲಿಟ್ಟ ಕಣ್ಣನ್ನು ತೆಗೆಯಲಿಲ್ಲ.

"ಅವ್ವಾ, ಫೋನ್ ಮಡುಗ್ಬ್ಯಾಡ ಕಣಮ್ಮಿ, ಒಂದ್ ಮಾತ್ ಕೇಳು" ಅಂದಳು. "ಆ ಸೈಕಲ್ನೋನು ಇಲ್ಲೇ ಬಂದವ್ನೆ. ಅವ್ನೇ ಬಿಚ್ಚಿದ್ನಂತೆ. ನಾನಲ್ಲ ಕಣವ್ವ."